ಪಾಕ್ ಗುರುವಿನ ಮಣಿಕಟ್ಟು

ಟಕ್ ಎಂದದ್ದು ಬೋಲ್ಟೋ, ಮಣಿಕಟ್ಟೋ?

ಮಣಿಕಟ್ಟೇ ಆಗಿರಲಿ ಎಂದು ಮರ್ಜುಕಿ ಹಾರೈಸಿದ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಜನ ಬಂದು ಅಯ್ಯೋ ಪಾಪ ಅನ್ನುತ್ತಾರೆ. ಬೋಲ್ಟು ಮುರಿದರೆ ಯಾವ ಕಾಲಕ್ಕೂ ಕೂಡಿಕೊಳ್ಳುವುದಿಲ್ಲ, ಯಾರೂ ಅಯ್ಯೋ ಅನ್ನುವುದಿಲ್ಲ. ಅವನು ಬಲಗೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿದ. ಸೊಗಸಾಗಿ ಆಡಿತು. ಇಷ್ಟು ಆರೋಗ್ಯವಾದ ಮಣಿಕಟ್ಟನ್ನು ಇಷ್ಟು ನಿರಾಸೆಯಿಂದ ಆ ಊರಿನಲ್ಲಿ ಹಿಂದೆ ಯಾರೂ ನೋಡಿರಲಾರರು.

ಸ್ಪ್ಯಾನರಿನ ಬಾಯಲ್ಲಿ ಬೋಲ್ಟಿನ ತಲೆ ಕುತ್ತಿಗೆ ಸಮೇತ ಕೂತಿತ್ತು. ಮಿಕ್ಕ ಮೈ ಎಂಜಿನ್ನಿನ ಎರಕದ ಗೋಡೆಯೊಳಗೆ, ಹೊರಗಿನಿಂದ ಉಗುರಿಗೂ ಸಿಗದಷ್ಟು ಆಳದಲ್ಲಿ ಉಳಿದುಕೊಂಡಿತ್ತು.

ಮುರಿಯಬಾರದ ವಸ್ತುವನ್ನು ಮುರಿಯಬಾರದ ಊರಿನಲ್ಲಿ ಮುರಿದಿದ್ದ ಅವನು. ಕ್ಲಾತೆನ್ ಪೇಟೆಯ ಆಚೆ, ಚೆಪೆರಿನ ಕಡೆಯ ಆ ಊರಿನಲ್ಲಿ ಮನೆಗೊಂದು ಎರಕದ ಶೆಡ್ಡು, ಎರಡು ಮನೆಗೊಂದು ಲೇತು. ಅಲ್ಲಿನ ಹೆಂಗಸರು ಬಾವಿಯ ರಾಟೆಯ ಕಿರುಗುಟ್ಟುವಿಕೆ ಕೇಳಿ ಯಾವ ಶೆಡ್ಡಿನ ಮಾಲು ಎಂದು ಹೇಳಬಲ್ಲರು. ಮರ್ಜುಕಿ ಮಾತ್ರ ಸೋಯಾಕಾಳಿನ ಮೆತ್ತನೆಯ ತೋಫು ಮಾಡುವ ಮನೆತನದಿಂದ ಬಂದವನು. ಅವನ ವಂಶದಲ್ಲಿ ಏಳು ತಲೆಮಾರಿನಿಂದ ಯಾರ ಕೈಗೂ ಗಟ್ಟಿ ವಸ್ತು ಸಿಕ್ಕಿರಲಿಲ್ಲ. ಇಲ್ಲಿನ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ, ಊರವರ ಬಾಯಲ್ಲಿ 'ಪಾಕ್ ಗುರು' ಅಂದರೆ ಮೇಷ್ಟ್ರಯ್ಯನಾಗಿ ಬಂದು, ಎರಕದ ಹಳೆಯ ಹುಲಿ ಪಾಕ್ ಕರ್ಸೋದಿಯ ಕಿರಿಯ ಮಗಳು ರುಮಿಯಾತಿಯನ್ನು ಮದುವೆಯಾಗಿ, ಮಾವನ ಮನೆಯಲ್ಲೇ ನೆಲೆಸಿ ಹನ್ನೊಂದು ವರ್ಷವಾಗಿತ್ತು.

ಆ ಹನ್ನೊಂದು ವರ್ಷದಲ್ಲಿ ಮಾವ ಅವನನ್ನು ಒಮ್ಮೆಯೂ ಬೈದಿರಲಿಲ್ಲ.

ಇದನ್ನು ಕೇಳಿದವರು ಎಂಥ ಪುಣ್ಯ ಅನ್ನಬಹುದು. ಅವರಿಗೆ ಷಡ್ಡಕ ಗಿಮಾನ್ ಗೊತ್ತಿಲ್ಲ. ಹಿರಿಯ ಅಳಿಯ ಗಿಮಾನ್ ಬಂದರೆ ಮಾವ ಅಂಗಳದಿಂದಲೇ ಶುರು ಮಾಡುತ್ತಿದ್ದ. "ಲೇ, ಚಪ್ಪಲಿ ಎಲ್ಲಿ ಬಿಟ್ಟೆ? ಅದೇನು ಚಪ್ಪಲಿ ಬಿಡೋ ಜಾಗವಾ? ಹಿಡಿ ಈ ಸುತ್ತಿಗೆ." ಗಿಮಾನ್ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬೈಸಿಕೊಳ್ಳುತ್ತ, ಹುದುಗಿಸಿದ ಸೋಯಾಕಾಳಿನ ತೆಂಪೆ ಹುರಿದದ್ದನ್ನು ತಿನ್ನುತ್ತಿದ್ದ. ಮರ್ಜುಕಿ ಬಂದರೆ ಮಾವ ಎದ್ದು ನಿಂತು ಕುರ್ಚಿ ಹಾಕುತ್ತಿದ್ದ. "ಕೂತ್ಕೊಳ್ಳಿ, ಪಾಕ್ ಗುರು. ಚಹಾ ತಗೊಳ್ಳಿ." ಚಹಾ ಮುಚ್ಚಳವಿರುವ ಲೋಟದಲ್ಲಿ ಬರುತ್ತಿತ್ತು. ಹನ್ನೊಂದು ವರ್ಷ ಒಂದೇ ಮನೆಯ ಬಚ್ಚಲಲ್ಲಿ ಸ್ನಾನ ಮಾಡಿದ ಮೇಲೂ ಅವನು ಆ ಮನೆಗೆ ಬಂದ ಅತಿಥಿಯೇ ಆಗಿದ್ದ. ಒಂದು ಸಲ, ಒಂದೇ ಒಂದು ಸಲ, ಗಿಮಾನನಿಗೆ ಬೈದ ಹಾಗೆ ತನಗೂ ಬೈದಾನೇ ಎಂದು ಮರ್ಜುಕಿ ಕಾಯುತ್ತಿದ್ದ. ಕಾರಣ ಕೊಟ್ಟೂ ನೋಡಿದ್ದ. ಒಮ್ಮೆ ಮಾವನ ಸಾಕಿದ ಬಾತುಕೋಳಿಯ ಮೇಲೆ ಬೈಕು ಹತ್ತಿಸಿದ್ದ. ಮಾವ ಸತ್ತ ಬಾತುಕೋಳಿಯನ್ನು ಎತ್ತಿಕೊಂಡು, "ಇದಕ್ಕೆ ವಯಸ್ಸಾಗಿತ್ತು, ಪಾಕ್ ಗುರು," ಎಂದು ಒಳಗೆ ಹೋಗಿದ್ದ.

ಹೀಗಿರುವಾಗ ಭಾನುವಾರ ಬೆಳಿಗ್ಗೆ ಮಾವ ಹಿರಿಯ ಮಗಳ ಮನೆಗೆ ನಾಲ್ಕು ದಿನಕ್ಕೆ ಹೊರಟು ನಿಂತ. ಕರೆದೊಯ್ಯಲು ಗಿಮಾನ್ ಬಂದಿದ್ದ. ಮಾವ ತನ್ನ ಹಳೆಯ ಕಿಜಾಂಗ್ ಗಾಡಿಯ ಕೆಳಗೆ ಬಗ್ಗಿ ನೋಡಿ, ಸೊಂಟ ನೆಟ್ಟಗೆ ಮಾಡಿಕೊಂಡು, ಯಾರಿಗೂ ಅಲ್ಲದಂತೆ ಹೇಳಿದ: "ನೀರಿನ ಪಂಪು ಹನಿಕ್ತಾ ಇದೆ."

ಅಷ್ಟೇ. ಹೋದ.

ಆ ಸೀಮೆಯಲ್ಲಿ ಹಿರಿಯರು ಇದು ಮಾಡು ಎಂದು ಹೇಳುವುದಿಲ್ಲ. ಅದು ಒರಟು. ಗಾಳಿ ಬೀಸ್ತಿದೆ ಅಂದರೆ ಕಿಟಕಿ ಹಾಕಬೇಕು. ಗಂಟೆ ಎಂಟಾಯ್ತು ಅಂದರೆ ಅತಿಥಿಗಳು ಏಳಬೇಕು. ಹಾಗಾದರೆ ಪಂಪು ಹನಿಕ್ತಾ ಇದೆ ಅಂದರೆ? ಮರ್ಜುಕಿ ಭಾನುವಾರವಿಡೀ ಯೋಚಿಸಿದ. ಗಿಮಾನ್ ಪಕ್ಕದಲ್ಲೇ ನಿಂತಿದ್ದರೂ ಆ ಮಾತು ಗಿಮಾನನಿಗೆ ಬೈಗುಳದ ರೂಪದಲ್ಲಿ ಬರಲಿಲ್ಲ. ಆದ್ದರಿಂದ ಅದು ತನಗೇ ಹೇಳಿದ್ದು. ಮಾವ ಮೊದಲ ಬಾರಿಗೆ ತನಗೊಂದು ಕಬ್ಬಿಣದ ಕೆಲಸ ಹೇಳಿದ್ದಾನೆ. ಶಾಲೆಗೆ ರಜೆಯಿತ್ತು. ಸೋಮವಾರ ಬೆಳಿಗ್ಗೆ ಪೇಟೆಯಿಂದ ಹೊಸ ಪಂಪು ತಂದ, ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಟ್ಟ. ಪಂಪಿನ ನಾಲ್ಕು ಬೋಲ್ಟುಗಳಲ್ಲಿ ಮೂರು ಮರ್ಯಾದೆಯಿಂದ ಬಂದವು. ನಾಲ್ಕನೆಯದಕ್ಕೆ ಅವನು ಸ್ಪ್ಯಾನರಿನ ಹಿಡಿಗೆ ಒಂದು ಮೊಳ ಉದ್ದದ ಪೈಪು ಸಿಗಿಸಿ ಜೋತುಬಿದ್ದ.

ಟಕ್.

"ಏನು ಮಾಸ್ ಅದು ಸದ್ದು?" ಅಡುಗೆಮನೆಯಿಂದ ರುಮಿಯಾತಿ ಕೇಳಿದಳು. ಗಂಡನಿಗೆ ರೀ ಅನ್ನುವ ಬದಲು ಮಾಸ್ ಅನ್ನುವುದು ಅಲ್ಲಿನ ಹೆಂಡತಿಯರ ರೂಢಿ.

"ಕೈ," ಅಂದ ಮರ್ಜುಕಿ.

ಒಂದಕ್ಷರದ ಮಾತು. ಕಥೆಯೆಲ್ಲ ಅದರಿಂದಲೇ ಆಯಿತು.

ರುಮಿಯಾತಿ ಸೌಟು ಹಿಡಿದೇ ಹೊರಗೆ ಬಂದಳು. ಅವಳು ಎರಕದ ಮನೆಯ ಮಗಳು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಬೋಲ್ಟು ಮುರಿಯುವ ಸದ್ದು ಕೇಳಿದವಳು. ಗಂಡನ ಕೈ ನೋಡಿದಳು, ಸ್ಪ್ಯಾನರ್ ನೋಡಿದಳು, ಪೈಪು ನೋಡಿದಳು. ಪೈಪನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ತುಂಬ ನೋವಾ?"

"ತುಂಬ."

"ಎಣ್ಣೆ ತರ್ತೀನಿ."

ಅವಳು ತಂದದ್ದು ತೆಂಗಿನೆಣ್ಣೆಯಲ್ಲ. ಅಪ್ಪನ ಪೆಟ್ಟಿಗೆಯಿಂದ ಸೀಮೆಎಣ್ಣೆ ಬೆರೆಸಿದ ಮೆಷಿನ್ ಎಣ್ಣೆಯ ಡಬ್ಬಿ. ಅದನ್ನು ಎಂಜಿನ್ನಿನ ಪಕ್ಕದಲ್ಲಿಟ್ಟು, "ಹಾಕಿ ಒಂದು ರಾತ್ರಿ ಬಿಡಿ. ಇಳೀಬೇಕು ಅದು," ಎಂದು ಒಳಗೆ ಹೋದಳು. ಗಂಡ ಕೈ ಅಂದ ಮೇಲೆ ಬೋಲ್ಟು ಎನ್ನುವುದು ಹೆಂಡತಿಯ ಲಕ್ಷಣವಲ್ಲ.

ಗೋಡೆಯಾಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯ ಬು ಸಾರ್ಜಿಲಾಗೆ, ಅಂದರೆ ಸಾರ್ಜಿಲಮ್ಮನಿಗೆ, ಇಷ್ಟು ಸಾಕಾಯಿತು. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ತಲುಪುವ ಮೊದಲು ಅದಕ್ಕೆ ಸ್ವಲ್ಪ ಉಪ್ಪು ಖಾರ ಹಾಕುವುದು ಆಕೆಯ ಅಡುಗೆಯ ಕ್ರಮ. ಹತ್ತು ಗಂಟೆಗೆ ಪಾಕ್ ಗುರುವಿನ ಮಣಿಕಟ್ಟು ಉಳುಕಿತು. ಮಧ್ಯಾಹ್ನಕ್ಕೆ ಮುರಿಯಿತು. ಮೂರು ಗಂಟೆಗೆ ಅದರ ಮೇಲೆ ಗಾಡಿಯ ಮುಚ್ಚಳ ಬಿತ್ತು. ಸಂಜೆಯ ನಮಾಜಿನ ಹೊತ್ತಿಗೆ ಎರಡು ಬೆರಳು ಹೋಗಿದ್ದವು. ಯಾವ ಎರಡು ಎನ್ನುವುದರಲ್ಲಿ ಮಾತ್ರ ಊರಿನಲ್ಲಿ ಭಿನ್ನಾಭಿಪ್ರಾಯವಿತ್ತು.

ನಮಾಜು ಮುಗಿದದ್ದೇ ಇಡೀ ಕೇರಿ ನೋಡಲು ಬಂತು. ಕಾಯಿಲೆಯವರನ್ನು ಒಬ್ಬೊಬ್ಬರಾಗಿ ನೋಡಲು ಹೋಗುವುದು ಅಲ್ಲಿ ಅನಾದರದ ಗುರುತು. ಹೆಂಗಸರು ಸಕ್ಕರೆ, ಚಹಾಪುಡಿ, ಬಾಳೆಹಣ್ಣಿನ ಚಿಪ್ಪು ತಂದರು. ಗಂಡಸರು ಜಗಲಿಯ ಚಾಪೆಯ ಮೇಲೆ ಕೂತರು. ಜಗಲಿಯಿಂದ ಮೂರು ಹೆಜ್ಜೆಯಲ್ಲಿ ಗಾಡಿ ಬಾಯಿ ತೆರೆದುಕೊಂಡು ನಿಂತಿತ್ತು. ಮರ್ಜುಕಿ ಅವಸರದಲ್ಲಿ ಎಂಜಿನ್ನಿನ ಮೇಲೆ ಹೆಂಡತಿಯ ಒಂದು ಬಟಿಕ್ ಬಟ್ಟೆ ಹೊದಿಸಿದ್ದ. ಹಾಗೆ ಹೊದಿಸಿದ್ದರಿಂದ, ಕಾಯಿಲೆ ಯಾರಿಗೆ ಎನ್ನುವುದು ಕುರುಡನಿಗೂ ಕಾಣುವಂತಾಗಿತ್ತು.

ಲೇತಿನ ಪಾಕ್ ತುಕಿರಾನ್ ಆ ಬಟ್ಟೆಯನ್ನು ಒಮ್ಮೆ ನೋಡಿದ. ವೆಲ್ಡಿಂಗ್ ಕೆಲಸದವನೂ ಕೇರಿಯ ಮುಖ್ಯಸ್ಥನೂ ಆದ ಪಾಕ್ ವಿರೋನೊ ಎರಡು ಸಲ ನೋಡಿದ. ಇಬ್ಬರೂ ತಕ್ಷಣ ಚಾವಣಿ ನೋಡಿದರು. ಒಬ್ಬ ಮನುಷ್ಯ ಏನನ್ನಾದರೂ ಮುಚ್ಚಿಟ್ಟಿದ್ದರೆ ಅದನ್ನು ಕಾಣದಿರುವುದು ನೆರೆಯವನ ಕರ್ತವ್ಯ. ಆದರೆ ಒಳಗೆ ಮುರಿದ ಬೋಲ್ಟು ಇರುವಾಗ ಸುಮ್ಮನಿರುವುದು ಆ ಊರಿನ ಗಂಡಸರ ರಕ್ತದಲ್ಲಿಲ್ಲ. ತುಕಿರಾನ್ ಚಹಾದ ಲೋಟ ಕೆಳಗಿಟ್ಟ.

"ಮಣಿಕಟ್ಟು... ಒಳಗೇ ಮುರಿದಿರೋದೋ, ಸ್ವಲ್ಪ ಹೊರಗೆ ಚಾಚಿದೆಯೋ?"

"ಒಳಗೇ," ಅಂದ ಮರ್ಜುಕಿ.

"ಅಯ್ಯೋ," ಎಂದು ಎಂಟು ಗಂಡಸರು ಒಟ್ಟಿಗೆ ಅಂದರು. ಅದು ನಿಜವಾದ ದುಃಖ.

"ಎಷ್ಟನೇ ಸೈಜು... ಅಂದ್ರೆ, ವಯಸ್ಸೆಷ್ಟು ನಿಮಗೆ?" ವಿರೋನೊ ಕೇಳಿದ.

"ನಲವತ್ತೊಂದು. ಆದ್ರೆ ತೆಳ್ಳಗಿದೆ. ಎಂಟು ಮಿಲಿಮೀಟರ್."

"ಎಂಟು ಮಿಲಿಮೀಟರ್ ಮಣಿಕಟ್ಟು ಬಲು ನಾಜೂಕು," ಎಂದು ತುಕಿರಾನ್ ಗಂಭೀರವಾಗಿ ತಲೆಯಾಡಿಸಿದ. "ಬಲವಂತ ಮಾಡಬಾರದು. ಬಿಸಿ ಮಾಡಿ, ಬಿಸಿ ಇರೋವಾಗ್ಲೇ ಮೇಣದಬತ್ತಿ ತಾಗಿಸಿ. ಮೇಣ ತಾನಾಗೇ ಒಳಗೆ ಇಳಿಯುತ್ತೆ."

"ಕೈಗೆ ಮೇಣಾನಾ?" ಎಂದು ಬು ಸಾರ್ಜಿಲಾ ಒಳಗಿನಿಂದ ಕೇಳಿದಳು.

"ನೀವು ಸುಮ್ನಿರಿ ಬು, ಇದು ಗಂಡಸರ ಮಣಿಕಟ್ಟಿನ ವಿಷಯ."

ಒಬ್ಬ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕೆಂದ. ಇನ್ನೊಬ್ಬ ತಟ್ಟಿದರೆ ಕೆಟ್ಟಿತೆಂದ. ಒಂದು ಗಂಟೆ ಬಿಸಿ ಚರ್ಚೆ ನಡೆಯಿತು. ಇಷ್ಟು ಜನ ತಿಳಿದವರು ಒಂದು ಕೈಯ ಬಗ್ಗೆ ಇಷ್ಟು ಆಳವಾಗಿ ಮಾತಾಡಿದ್ದನ್ನು ಕಂಡು ಹೆಂಗಸರಿಗೆ ಕಣ್ಣು ತುಂಬಿತು. ಹೋಗುವ ಮುನ್ನ ವಿರೋನೊ ಮುಖ್ಯಸ್ಥನ ದನಿಯಲ್ಲಿ ಹೇಳಿದ: "ನಾಳೆ ಬೆಳಿಗ್ಗೆ ಎಂಬಾ ಪೊನಿಯೆಂ ಅವರನ್ನ ಕಳಿಸ್ತೀನಿ. ಕೇರಿಯಲ್ಲಿ ಒಬ್ಬರಿಗೆ ಕೈ ಮುರಿದು, ಮುಖ್ಯಸ್ಥ ಮೂಳೆ ಕಟ್ಟೋರನ್ನ ಕರೆಸಲಿಲ್ಲ ಅಂತಾಗಬಾರದು."

ಎಂಬಾ ಅಂದರೆ ಅಜ್ಜಿ. ಎಂಬಾ ಪೊನಿಯೆಂಗೆ ಎಪ್ಪತ್ತೆಂಟು ವರ್ಷ. ಆ ಸೀಮೆಯ ಅರ್ಧ ಜನರ ಮೂಳೆ ಆಕೆಯ ಕೈಯಿಂದಲೇ ನೆಟ್ಟಗಾದದ್ದು. ಮಂಗಳವಾರ ಬೆಳಿಗ್ಗೆ ಬಿದಿರ ಸೀಳುಗಳ ಕಟ್ಟು ಕಂಕುಳಲ್ಲಿಟ್ಟು ಬಂದವಳೇ ಮರ್ಜುಕಿಯ ಬಲಗೈ ಹಿಡಿದಳು. ಹಿಡಿದ ಕ್ಷಣದಲ್ಲೇ ಆಕೆಗೆ ತಿಳಿಯಿತು. ಆಕೆಯ ಬೆರಳುಗಳು ನಿಂತವು. ಆಕೆ ಮರ್ಜುಕಿಯ ಮುಖ ನೋಡಿದಳು, ಅಂಗಳದಲ್ಲಿ ಬಟಿಕ್ ಹೊದ್ದು ನಿಂತ ಗಾಡಿ ನೋಡಿದಳು, ಬಾಗಿಲಲ್ಲಿ ಗುಂಪು ಕಟ್ಟಿದ್ದ ಹನ್ನೆರಡು ಹೆಂಗಸರನ್ನು ನೋಡಿದಳು.

"ಹೇಗಿದೆ ಎಂಬಾ?" ಬು ಸಾರ್ಜಿಲಾ ಕೇಳಿದಳು.

ಮುದುಕಿ ಲೆಕ್ಕ ಹಾಕಿದಳು. ಏನೂ ಆಗಿಲ್ಲ ಎಂದರೆ ಒಬ್ಬ ಮಾಸ್ತರ ಊರೆದುರು ಸುಳ್ಳನಾಗುತ್ತಾನೆ. ಸಕ್ಕರೆ ತಂದವರು ಮೂರ್ಖರಾಗುತ್ತಾರೆ. ಕರೆಸಿದ ಮುಖ್ಯಸ್ಥನಿಗೆ ಅವಮಾನ.

"ಮುರಿದಿದೆ," ಅಂದಳು. "ಆದ್ರೆ ಒಳ್ಳೆ ಜಾಗದಲ್ಲಿ ಮುರಿದಿದೆ."

ಹಾಗೆಂದು ಎರಡು ಕಡೆ ಬಿದಿರಿಟ್ಟು ಬೆರಳ ತುದಿಯಿಂದ ಮೊಣಕೈವರೆಗೆ ಬಿಗಿದು ಕಟ್ಟಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಮಾಡಿದವರು ಆ ಎಮ್ಮೆ ಸುಮ್ಮನೆ ನಿಂತಿತ್ತೇ ಎಂದು ಹೇಳಿಲ್ಲ. ಮರ್ಜುಕಿ ಸುಮ್ಮನೆ ಕೂತಿದ್ದ. ಹೋಗುವಾಗ ಮುದುಕಿ ಅವನ ಕಿವಿಯ ಹತ್ತಿರ, "ಏಳು ದಿನ ಬಿಚ್ಚಬೇಡಿ, ಪಾಕ್ ಗುರು. ನನ್ನ ಹೆಸರಿದೆ," ಎಂದಳು.

ಬುಧವಾರ ಬೆಳಿಗ್ಗೆ ತುಕಿರಾನ್ 'ಕೈ ನೋಡಿಕೊಂಡು ಹೋಗೋಣ ಅಂತ' ಬಂದ. ಕೈ ನೋಡಲು ಬಂದವನ ಕೈಯಲ್ಲಿ ಡ್ರಿಲ್ಲು, ಸುತ್ತಿಗೆ, ಚಾಣ ಎಲ್ಲ ಇದ್ದವು. ಅವನು ಬಟ್ಟೆಯ ಅಂಚನ್ನು ಮದುಮಗಳ ಸೆರಗು ಸರಿಸಿದಷ್ಟು ನಾಜೂಕಾಗಿ ಸರಿಸಿ, "ಓಹೋ, ಇಲ್ಲೊಂದು ಎಂಜಿನ್ನು," ಎಂದ. ಅಷ್ಟೇ ಅವನು ಆಡಿದ ಮಾತು. ಆಮೇಲೆ ಕೆಲಸ.

ಆ ಕೆಲಸ ನೋಡುವಂಥದ್ದು. ಮೊದಲು ತೂತಿನೊಳಗೆ ಚಾಣ ಇಳಿಸಿ ಮುರಿದ ಬೋಲ್ಟಿನ ಮುಖವನ್ನು ಮಟ್ಟ ಮಾಡಿದ. ನಟ್ಟನಡುವೆ ಚೂಪು ಚಾಣದಿಂದ ಒಂದು ಚುಕ್ಕೆ ಒತ್ತಿದ. ಕೂದಲೆಳೆ ಆಚೆ ಹೋದರೂ ಡ್ರಿಲ್ಲು ಮೆತ್ತನೆಯ ಎರಕಕ್ಕೆ ಜಾರಿ ಎಂಜಿನ್ನಿನ ಬ್ಲಾಕೇ ಹಾಳಾಗುತ್ತದೆ. ಆಮೇಲೆ ಎರಡು ಮಿಲಿಮೀಟರ್ ತೂತು, ಆಮೇಲೆ ಮೂರು, ಆಮೇಲೆ ನಾಲ್ಕು. ನಡುನಡುವೆ ಎಣ್ಣೆ, ನಡುನಡುವೆ ಬಾಯಿಂದ ಊದುವುದು. ಮಧ್ಯಾಹ್ನ ಕಳೆಯಿತು. ಕೊನೆಗೆ ಜೇಬಿನಿಂದ ಬೆರಳುದ್ದದ ಒಂದು ಉಕ್ಕಿನ ಕಡ್ಡಿ ತೆಗೆದ. ಅದರ ಮೈತುಂಬ ಎಡಕ್ಕೆ ಸುತ್ತಿದ ಹಲ್ಲು. ಕೊರೆದ ತೂತಿನಲ್ಲಿ ಅದನ್ನಿಟ್ಟು ಎಡಕ್ಕೆ ತಿರುಗಿಸಿದಷ್ಟೂ ಅದು ಕಚ್ಚಿಕೊಂಡು, ಕಚ್ಚಿದ ಬೋಲ್ಟನ್ನೂ ತನ್ನೊಂದಿಗೆ ಹೊರಗೆ ತರುತ್ತದೆ. ಒಂದೇ ತೊಂದರೆ: ಕಡ್ಡಿಯ ಉಕ್ಕು ಡ್ರಿಲ್ಲಿಗಿಂತ ಗಟ್ಟಿ. ಅದೇ ಒಳಗೆ ಮುರಿದರೆ ಮತ್ತೆ ಕೊರೆಯಲು ಯಾವ ಡ್ರಿಲ್ಲಿನಿಂದಲೂ ಆಗುವುದಿಲ್ಲ.

ತುಕಿರಾನ್ ಕಡ್ಡಿಯನ್ನು ತೂತಿಗಿಟ್ಟು, ಹಿಡಿ ಸಿಗಿಸಿ, ಕಾಲು ಸುತ್ತು ತಿರುಗಿಸಿ ಕಚ್ಚಿಸಿದ. ಅಷ್ಟರಲ್ಲಿ ಇಳಿಹೊತ್ತಿನ ಬಾಂಗು ಕೇಳಿಸಿತು. ಅವನು ಕೈ ಒರೆಸಿಕೊಂಡು ಮಸೀದಿಗೆ ಹೊರಟ. ಮುಟ್ಟಬೇಡಿ ಎಂದು ಒಬ್ಬ ಮಾಸ್ತರನಿಗೆ ಹೇಳಲು ಅವನಿಗೆ ನಾಲಗೆ ಬರಲಿಲ್ಲ.

"ಕಡ್ಡಿ ಅಲ್ಲೇ ಇದೆ, ಪಾಕ್ ಗುರು," ಎಂದು ಹೇಳಿ ಹೋದ.

ಮರ್ಜುಕಿ ಕೂತು ಯೋಚಿಸಿದ. ಕಡ್ಡಿ ಅಲ್ಲೇ ಇದೆ. ಅಂದರೆ? ಗಾಳಿ ಬೀಸ್ತಿದೆ ಅಂದರೆ ಕಿಟಕಿ ಹಾಕಬೇಕು. ಕಡ್ಡಿ ಅಲ್ಲೇ ಇದೆ ಅಂದರೆ, ತಿರುಗಿಸಬೇಕು. ಪಾಪ, ತುಕಿರಾನ್ ದೊಡ್ಡ ಮನುಷ್ಯ. ಕೊನೆಯ ಸುತ್ತನ್ನು ನನಗೇ ಬಿಟ್ಟು ಹೋಗಿದ್ದಾನೆ, ಕೀರ್ತಿ ನನಗೇ ಬರಲಿ ಎಂದು. ಬಲಗೈ ಬಿದಿರಿನಲ್ಲಿತ್ತು. ಎಡಗೈಯಿಂದ ಹಿಡಿ ಹಿಡಿದು, ದೇವರ ಹೆಸರು ಹೇಳಿ, ಮೈಭಾರ ಹಾಕಿದ.

ಟಿಕ್.

ಈ ಸಲದ ಸದ್ದು ಸಣ್ಣದು, ಶುದ್ಧವಾದದ್ದು, ಗಾಜಿನ ಬಳೆಯದ್ದು ಅನ್ನಬೇಕು.

ತುಕಿರಾನ್ ಹಿಂತಿರುಗಿ ಬಂದಾಗ ಮರ್ಜುಕಿ ಜಗಲಿಯ ಮೇಲೆ ಎಡಗೈಯನ್ನು ಬಿದಿರುಗೈಯಿಂದ ಆತುಕೊಂಡು ಕೂತಿದ್ದ. ತುಕಿರಾನ್ ಎಂಜಿನ್ನಿನೊಳಗೆ ಇಣುಕಿದ. ತನ್ನ ಕಡ್ಡಿಯ ಅರ್ಧ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಆ ಊರಿನಲ್ಲಿ ಮೌನದಲ್ಲೂ ಬಗೆಗಳಿವೆ: ಒಪ್ಪಿದ ಮೌನ, ಒಪ್ಪದ ಮೌನ, ಊಟಕ್ಕೆ ಕರೆಯಲಿ ಎಂಬ ಮೌನ. ಇದು ಯಾವುದಕ್ಕೂ ಸೇರಿದ್ದಲ್ಲ. ಲೇತಿನ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ ಮಾತು ಮರೆತದ್ದು.

"ಈಗ ಎಡಗೈಯಾ?" ಎಂದ ಕೊನೆಗೆ, ಬಗ್ಗಿಕೊಂಡೇ.

"ಹೌದು," ಅಂದ ಮರ್ಜುಕಿ.

"ಇದು ಮೊದಲಿಂದಕ್ಕಿಂತ ಜೋರಾಗಿ ಮುರಿದಿದೆ."

"ನನಗೂ ಹಾಗೇ ಅನ್ನಿಸ್ತು."

ಎಂಬಾ ಪೊನಿಯೆಂ ಮತ್ತೆ ಬಂದಳು. ಈ ಸಲ ಮುಟ್ಟಿಯೂ ನೋಡಲಿಲ್ಲ, ನೇರವಾಗಿ ಬಿದಿರು ಸೀಳತೊಡಗಿದಳು. ಸಂಜೆಗೆ ಕೇರಿ ಇನ್ನೊಮ್ಮೆ ನೋಡಲು ಬಂತು. ಕೈ ಬದಲಾದ ಮೇಲೆ ಹಳೆಯ ಸಕ್ಕರೆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಸಕ್ಕರೆ ಬಂತು. ಎರಡೂ ಕೈ ಮುಂದಕ್ಕೆ ಚಾಚಿಕೊಂಡು ಕೂತ ಮರ್ಜುಕಿ, ತೊಲೆ ಹೊರಲು ಒಪ್ಪಿಕೊಂಡವನ ಹಾಗೆ ಕಾಣುತ್ತಿದ್ದ. ರುಮಿಯಾತಿ ಅನ್ನ ಕಲಸಿ ಬಾಯಿಗಿಡುತ್ತಿದ್ದಳು.

"ನಾಳೆ ಅಪ್ಪ ಬರ್ತಾರೆ," ಎಂದಳು ಒಂದು ತುತ್ತಿನ ನಡುವೆ.

"ಗೊತ್ತು."

"ಅಪ್ಪ ಏನೂ ಅನ್ನಲ್ಲ, ಹೆದರಬೇಡಿ. ನಿಮಗೆ ಯಾವತ್ತಾದ್ರೂ ಏನಾದ್ರೂ ಅಂದಿದಾರಾ?"

ಮರ್ಜುಕಿ ತುತ್ತು ನುಂಗಿದ.

ಗುರುವಾರ ಬೆಳಿಗ್ಗೆ ವಿರೋನೊ ವೆಲ್ಡಿಂಗ್ ಯಂತ್ರವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಕೈ ನೋಡಲು ಬಂದೆ ಎಂಬ ಮಾತನ್ನು ಅವನು ಆಡಲೂ ಇಲ್ಲ. ಎರಡು ಮಣ ತೂಕದ ಯಂತ್ರ ತಂದವನು ಅಷ್ಟು ದೂರ ಮರ್ಯಾದೆ ಪಾಲಿಸಲಾರ. ತುಕಿರಾನ್ ಬಂದ, ಎರಕದವರು ಬಂದರು. ಅಂಗಳದಲ್ಲಿ ಹದಿನೈದು ಜೊತೆ ಚಪ್ಪಲಿ ಆಯಿತು. ಹೆಂಗಸರು ತೆಂಪೆ ಹುರಿಯತೊಡಗಿದರು. ಉಪಾಯ ಸರಳ: ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಸುಲಭಕ್ಕೆ ಹತ್ತುವುದಿಲ್ಲ, ಉಕ್ಕಿಗೆ ಹತ್ತುತ್ತದೆ. ಆದ್ದರಿಂದ ತೂತಿನೊಳಗೆ, ಮುರಿದ ಕಡ್ಡಿಯ ಮೇಲೂ ಬೋಲ್ಟಿನ ಮೇಲೂ, ಹನಿ ಹನಿಯಾಗಿ ಲೋಹ ಏರಿಸುತ್ತ ಬರಬೇಕು. ಅದು ಹೊರಗೆ ತಲೆ ಹಾಕಿದಾಗ ಒಂದು ನಟ್ಟನ್ನು ಅದಕ್ಕೇ ಬೆಸೆದು, ತಣಿಯಲು ಬಿಟ್ಟು, ಸ್ಪ್ಯಾನರ್ ಹಾಕಬೇಕು. ವಿರೋನೊ ಒಂದು ಹನಿ ಇಟ್ಟು ನಿಲ್ಲುತ್ತಿದ್ದ. ಎಲ್ಲರೂ ಉಸಿರು ಬಿಡುತ್ತಿದ್ದರು. ಮತ್ತೊಂದು ಹನಿ. ಹತ್ತೂವರೆಗೆ ನಟ್ಟು ಕೂತಿತು.

"ಮಣಿಕಟ್ಟು ತಣ್ಣಗಾಗ್ಲಿ," ಎಂದ ತುಕಿರಾನ್, ಅಭ್ಯಾಸಬಲದಿಂದ.

ಆಗಲೇ ಗೇಟಿನಲ್ಲಿ ಪಾಕ್ ಕರ್ಸೋದಿ ನಿಂತಿದ್ದ, ಕೈಯಲ್ಲೊಂದು ಚೀಲ. ಗಿಮಾನ್ ಹಿಂದೆ ನಿಂತಿದ್ದ. ಮಧ್ಯಾಹ್ನ ಬರುವವನು ಬೆಳಿಗ್ಗೆಯೇ ಬಂದಿದ್ದ. ಅವನು ಮೊದಲು ನೋಡಿದ್ದು ಚಪ್ಪಲಿಗಳನ್ನು. ಅಷ್ಟು ಚಪ್ಪಲಿ ಒಂದು ಮನೆಯ ಮುಂದೆ ಇರುವುದು ಯಾವಾಗ ಎಂದು ತಿಳಿದವನಾದ್ದರಿಂದ ಅವನ ಮುಖ ಬೂದಿಯಾಯಿತು. ಆಮೇಲೆ ಜಗಲಿಯ ಕುರ್ಚಿಯ ಮೇಲೆ ಜೀವಂತ ಕೂತ ಅಳಿಯ, ಅವನ ಎರಡು ಬಿದಿರುಗೈ. ಆಮೇಲೆ ಬಾಯಿ ತೆರೆದ ಗಾಡಿ.

ಎಣ್ಣೆಯಲ್ಲಿ ತೆಂಪೆ ಚುರುಗುಟ್ಟುತ್ತಿತ್ತು.

"ಪಾಕ್ ಗುರುವಿಗೆ ಕೈ ಪೆಟ್ಟಾಯ್ತು," ಎಂದ ವಿರೋನೊ ಮುಖ್ಯಸ್ಥನಾಗಿ.

"ಎರಡೂ," ಎಂದಳು ಬು ಸಾರ್ಜಿಲಾ.

"ಒಳ್ಳೆ ಜಾಗದಲ್ಲಿ," ಎಂದಳು ಎಂಬಾ ಪೊನಿಯೆಂ.

"ಗಾಡಿ ಇಲ್ಲೇ ಇತ್ತಲ್ಲ, ಸುಮ್ನೆ ನೋಡ್ತಾ ಇದ್ವಿ," ಎಂದ ತುಕಿರಾನ್. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು.

ಕರ್ಸೋದಿ ನಾಲ್ಕು ಹೆಜ್ಜೆ ಬಂದು ಎಂಜಿನ್ನಿನೊಳಗೆ ಒಂದು ನೋಟ ಹಾಕಿದ. ನಲವತ್ತು ವರ್ಷ ಕಬ್ಬಿಣ ಹೊಯ್ದವನಿಗೆ ಒಂದು ನೋಟ ಸಾಕು. ಅವನ ದವಡೆ ಒಮ್ಮೆ ಬಿಗಿಯಿತು. ಆಮೇಲೆ ಅವನು ಅಳಿಯನ ಕಡೆ ತಿರುಗಿ, ತಲೆಯನ್ನು ಸ್ವಲ್ಪ ಬಗ್ಗಿಸಿ, ಮಸೀದಿಯ ಇಮಾಮರೊಡನೆ ಆಡುವ ದನಿಯಲ್ಲಿ ಹೇಳಿದ:

"ನೋವು ಕಡಿಮೆಯಾಯ್ತಾ, ಪಾಕ್ ಗುರು? ಏಳಬೇಡಿ, ಏಳಬೇಡಿ. ಈ ಗಾಡಿಗೂ ವಯಸ್ಸಾಗಿತ್ತು ಬಿಡಿ. ರುಮಿ, ಪಾಕ್ ಗುರುವಿಗೆ ಚಹಾ ಕೊಡಮ್ಮ."

ಎಲ್ಲರ ಎದೆ ಹಗುರಾಯಿತು. ಮರ್ಯಾದೆ ಉಳಿಯಿತು. ಮುಚ್ಚಳದ ಲೋಟ ಬಂತು. ಇನ್ನೇನು ಎಲ್ಲ ಸುಖವಾಗಿ ಮುಗಿಯಬೇಕು ಎನ್ನುವಾಗ, ಮರ್ಜುಕಿ ಕುರ್ಚಿಯಿಂದ ಎದ್ದ. ಬಲಗೈಯ ಕಟ್ಟಿನ ಗಂಟನ್ನು ಬಾಯಿಗೆ ಹಿಡಿದ. ಹಲ್ಲಿನಿಂದ ಎಳೆದ.

"ಏಳು ದಿನ," ಎಂದಳು ಎಂಬಾ ಪೊನಿಯೆಂ.

ಬಿದಿರ ಸೀಳುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಬಲಗೈ ಬಿಡುಗಡೆಯಾದ ಮೇಲೆ ಎಡಗೈಯದೂ ಬಿಚ್ಚಿದ. ಎರಡೂ ಮಣಿಕಟ್ಟುಗಳನ್ನು ಮಾವನೆದುರು ಹಿಡಿದು ತಿರುಗಿಸಿ ತೋರಿಸಿದ.

"ಕೈಗೇನೂ ಆಗಿಲ್ಲ, ಅಪ್ಪ. ಬೋಲ್ಟು ನಾನೇ ಮುರಿದೆ. ಅದನ್ನ ಕೀಳೋ ಕಡ್ಡೀನೂ ನಾನೇ ಮುರಿದೆ."

ಇಂಥ ಒರಟು ಮಾತು ಆ ಕೇರಿಯಲ್ಲಿ ಯಾರೂ ಕೇಳಿರಲಿಲ್ಲ. ಎಂಬಾ ಪೊನಿಯೆಂ ಮುಖ ಗೋಡೆಗೆ ತಿರುಗಿಸಿಕೊಂಡಳು. ವಿರೋನೊ ಯಂತ್ರದ ವೈರು ಸುತ್ತತೊಡಗಿದ. ಬು ಸಾರ್ಜಿಲಾ ಪಕ್ಕದವಳಿಗೆ ಮೆಲ್ಲಗೆ, "ಎರಡು ಕಿಲೋ ಸಕ್ಕರೆ," ಎಂದಳು. ಮೂರು ದಿನ ಊರೆಲ್ಲ ಕೂಡಿ ಒಬ್ಬ ಮನುಷ್ಯನ ಮಾನವನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಆ ಮನುಷ್ಯ ತಾನೇ ಅದನ್ನು ಕೆಳಗೆ ಹಾಕಿದ್ದ.

ಕರ್ಸೋದಿ ಅಳಿಯನ ಎರಡೂ ಕೈಗಳನ್ನು ನೋಡಿದ. ಬಗ್ಗಿ ಗೋಡೆಯ ಬುಡದಲ್ಲಿದ್ದ ಪೈಪನ್ನು ಎತ್ತಿಕೊಂಡ.

"ಸ್ಪ್ಯಾನರಿಗೆ ಇದನ್ನ ಸಿಗಿಸಿದ್ರಾ, ಪಾಕ್ ಗುರು?"

"ಹೌದು."

"ಎಂಟು ಮಿಲಿಮೀಟರ್ ಬೋಲ್ಟಿಗೆ."

"ಹೌದು."

ಮುದುಕ ಪೈಪನ್ನು ನೆಲಕ್ಕೆ ಎಸೆದ. ಆಮೇಲೆ ಅದು ಬಂತು.

"ಲೇ," ಎಂದ ಕರ್ಸೋದಿ. ಅಂಗಳದ ಬಾತುಕೋಳಿಗಳು ದೂರ ಸರಿದವು. "ಲೇ, ತಲೆಯಲ್ಲಿ ತೋಫು ತುಂಬ್ಕೊಂಡಿದ್ದೀಯೇನೋ? ಪಂಪು ಹನಿಕ್ತಿದೆ ಅಂದ್ರೆ ಬಿಚ್ಚು ಅಂದ್ನಾ? ಬಿಚ್ಚು ಅಂದ್ನಾ ಹೇಳು. ಕೆಳಗೊಂದು ಬೋಗುಣಿ ಇಡು ಅಂತ ಕಣೋ. ಬೋಗುಣಿ. ಬಾತುಕೋಳಿ ರೇಡಿಯೇಟರಿನ ಆ ಬಣ್ಣದ ನೀರು ಕುಡಿದು ಸಾಯ್ತವೆ ಅಂತ. ಎಮ್ಮೆ ಎಳೆಯೋ ಹಾಗೆ ಪೈಪು ಹಾಕಿ ಎಳೆದಿದ್ದೀಯಲ್ಲ, ಬೋಲ್ಟೇನು ನಿಮ್ಮಪ್ಪನ ಮನೆ ಸೋಯಾ ಚೀಲವಾ? ಮುರಿದವನು ಮುರಿದೆ ಅನ್ನಬೇಕು ತಾನೇ. ಇವರನ್ನೆಲ್ಲ ಕೂರಿಸಿಕೊಂಡು ಮೂರು ದಿನ ನಾಟಕ. ತುಕಿರಾನನ ಕಡ್ಡಿ ಬೇರೆ. ಲೇ ಗಿಮಾನ್, ನೀನೇನೋ ಹಲ್ಲು ಕಿರೀತೀಯ? ಆ ಕುರ್ಚಿ ತೆಗಿ ಇವನ ಹಿಂದಿನಿಂದ. ಯಾರು ಹಾಕಿದ್ದು ಇವನಿಗೆ ಕುರ್ಚಿ?"

ಹಾಕಿದ್ದು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಗಿಮಾನ್ ಕುರ್ಚಿ ತೆಗೆದ.

"ಬಾ ಇಲ್ಲಿ. ಸ್ಪ್ಯಾನರ್ ಹಿಡಿ. ಹೀಗಲ್ಲ, ಹೆಬ್ಬೆರಳು ಮೇಲೆ. ಎಡಕ್ಕೆ. ನಿಧಾನ. ನಿಧಾನ ಅಂದೆ. ಸಾಕು, ಈಗ ಬಲಕ್ಕೆ ವಾಪಸ್ ಬಾ. ಯಾಕೆ ಅಂತ ಕೇಳಬೇಡ, ಬಾ. ಕಚ್ಚಿಕೊಂಡಿರೋದನ್ನ ಬಿಡಿಸೋದು ಹೀಗೆ. ಎರಡು ಹೆಜ್ಜೆ ಹೋಗಿ ಒಂದು ಹೆಜ್ಜೆ ಬರಬೇಕು. ಮೇಷ್ಟ್ರಂತೆ ಮೇಷ್ಟ್ರು, ಇಷ್ಟು ಗೊತ್ತಿಲ್ಲ."

ನಟ್ಟು ಕಿರ್ ಎಂದಿತು. ಎಲ್ಲರೂ ಕತ್ತು ಚಾಚಿದರು. ಗೋಡೆಗೆ ಮುಖ ಮಾಡಿದ್ದ ಎಂಬಾ ಪೊನಿಯೆಂ ಕೂಡ ಅರ್ಧ ತಿರುಗಿದಳು. ತುಕಿರಾನ್ ಮಸಿ ಹಿಡಿದ ಮೇಣದಬತ್ತಿಯನ್ನು ಬುಡಕ್ಕೆ ತಾಗಿಸಿದ. ಎಡಕ್ಕೆ ಎರಡು ಕೂದಲು, ಬಲಕ್ಕೆ ಒಂದು. ಮಾವ ಬೈಯುತ್ತಲೇ ಇದ್ದ: ಕೈ ಹಿಡಿದ ರೀತಿಗೆ, ನಿಂತ ರೀತಿಗೆ, ಬೆವರಿದ ರೀತಿಗೆ, ಹನ್ನೊಂದು ವರ್ಷದಿಂದ ಕೆಮ್ಮುವ ರೀತಿಗೆ, ಸತ್ತ ಬಾತುಕೋಳಿಗೆ. ಬಾತುಕೋಳಿಗೆ ವಯಸ್ಸಾಗಿರಲಿಲ್ಲ ಎಂದು ಆ ದಿನ ತಿಳಿಯಿತು. ಅರ್ಧ ಗಂಟೆಯ ಮೇಲೆ ಬೋಲ್ಟು, ಹೊಟ್ಟೆಯಲ್ಲಿ ತುಕಿರಾನನ ಕಡ್ಡಿಯನ್ನು ಇಟ್ಟುಕೊಂಡೇ, ಮರ್ಜುಕಿಯ ಅಂಗೈಗೆ ಬಂದು ಬಿತ್ತು. ಇನ್ನೂ ಬಿಸಿಯಾಗಿತ್ತು. ಬ್ಲಾಕಿನ ಹಲ್ಲುಗಳು ಒಂದೂ ಮುಕ್ಕಾಗಿರಲಿಲ್ಲ.

"ಹ್ಞೂ," ಎಂದ ಕರ್ಸೋದಿ. "ಏನು ನೋಡ್ತಾ ನಿಂತೆ? ಹೊಸ ಪಂಪು ಎಲ್ಲಿ? ತಂದಿದ್ದೀಯೋ, ಅದನ್ನೂ ಮುರಿದೆಯೋ?"

ಸಂಜೆಯವರೆಗೆ ಮರ್ಜುಕಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮಾವ ಕೇಳಿದ ಸಾಮಾನನ್ನು ಒಂದೊಂದಾಗಿ ತಪ್ಪು ತಪ್ಪಾಗಿ ಎತ್ತಿಕೊಟ್ಟ. ಪ್ರತಿ ತಪ್ಪಿಗೂ ತಕ್ಕದ್ದು ಸಿಕ್ಕಿತು. ಕೇರಿಯವರು ಒಬ್ಬೊಬ್ಬರಾಗಿ ಹೊರಟರು. ಮುಜುಗರದಿಂದ ಯಾರೂ ಅವನ ಮುಖ ನೋಡಲಿಲ್ಲ. ಬಿದಿರ ಸೀಳುಗಳನ್ನು ಎಂಬಾ ಪೊನಿಯೆಂ ಎಣಿಸಿ ಕಟ್ಟಿಕೊಂಡು ಹೋದಳು.

ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ರುಮಿಯಾತಿ ಹಿಂದೆಯೇ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

"ಅಪ್ಪನ ಮಾತು ಮನಸ್ಸಿಗೆ ಹಚ್ಕೋಬೇಡಿ, ಮಾಸ್. ನಿಮ್ಮನ್ನ ಹಾಗೆಲ್ಲ ಅಂದಿದ್ದು ಇದೇ ಮೊದಲು. ನಾನು ಹೇಳ್ತೀನಿ ಅವರಿಗೆ, ಇನ್ನು ಮೇಲೆ..."

"ಬೇಡ," ಎಂದ ಮರ್ಜುಕಿ. "ಏನೂ ಹೇಳಬೇಡ."

ಅವಳು ನೀರು ಹುಯ್ದಳು, ಅವನು ಕೈ ಉಜ್ಜಿದ. ಎಣ್ಣೆ ಬೇಗ ಬಿಡಲಿಲ್ಲ. ಆ ಬೈಗುಳಕ್ಕಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದೆ ಎಂದು ಅವನು ಅವಳಿಗೆ ಆಗಲೂ ಹೇಳಲಿಲ್ಲ, ಆಮೇಲೆ ಯಾವತ್ತೂ ಹೇಳಲಿಲ್ಲ.